ಆರನೆಯ ವಾರದ ನಮೂನೆ

ಜುಲೈ 30

ಸದ್ಯಕ್ಕೆ ನನ್ನ ಕೋರ್ಸಿಗೂ ನನ್ನ ಅಡುಗೆಮನೆಗೂ ಒಡತಿಯಾಗಿರುವ ತಂಗಿಗೆ,

ಒಂದೇ ಮನೆಯ ಸೊಸೆಯಂದಿರು, ಫೋನ್ ಇರುವಾಗ ಕಾಗದ ಬರೆದುಕೊಳ್ಳುವುದೇ ಎಂದು ನಗುತ್ತೀಯೇನೋ. ನಗು. ಇಲ್ಲಿ ನಾನು ಫೋನ್ ಹಿಡಿದರೆ ಸಾಕು, ಅಣ್ಣ, ಅತ್ತಿಗೆ ಇಬ್ಬರೂ ಟಿ.ವಿ. ಸದ್ದು ತಗ್ಗಿಸಿ ಕೂರುತ್ತಾರೆ. ಅದೂ ಅಲ್ಲದೆ ನಾನು ಹತ್ತೊಂಬತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವಳು. ಬಾಯಲ್ಲಿ ಹೇಳಿದ್ದನ್ನು ನಮ್ಮ ಕಚೇರಿಯವರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕಾಲಿನ ಸುದ್ದಿ ಮೊದಲು ಹೇಳಿ ಮುಗಿಸುತ್ತೇನೆ. ಮೂಳೆ ಎರಡು ಕಡೆ ಮುರಿದಿದೆ. ಮೂರು ತಿಂಗಳು ಕಾಲು ಊರಬಾರದಂತೆ. ನಮ್ಮ ಮನೆಯ ಇಪ್ಪತ್ತೆರಡು ಮೆಟ್ಟಿಲು ನೆನೆಸಿಕೊಂಡರೆ ಅಣ್ಣನ ಮನೆಯ ಈ ಕೆಳಗಿನ ಕೋಣೆಯೇ ವಾಸಿ. ನಕ್ಷೆಯ ಸುರುಳಿಗಳನ್ನು ಎರಡೂ ಕಂಕುಳಲ್ಲಿ ಅವುಚಿಕೊಂಡು ವಿಭಾಗದ ಮೆಟ್ಟಿಲು ಇಳಿಯಲು ಹೋದದ್ದು ನನ್ನದೇ ತಪ್ಪು, ಬಿಡು.

ಈಗ ಕೆಲಸದ ಮಾತು. ಎರಡನೆಯ ವರ್ಷದ 'ನಕ್ಷೆ ರಚನೆ' ಕೋರ್ಸಿನಲ್ಲಿ ಮೂವತ್ತನಾಲ್ಕು ಮಕ್ಕಳಿದ್ದಾರೆ. ಮೊದಲ ದಿನವೇ ಪಾಠಪಟ್ಟಿ ಹಂಚು, ಒಂದು ಪ್ರತಿ ನೋಟಿಸ್ ಬೋರ್ಡಿಗೆ ಹಚ್ಚು. ಹಾಜರಾತಿಯನ್ನು ಪ್ರತಿ ಶುಕ್ರವಾರ ಕಂಪ್ಯೂಟರಿಗೆ ಏರಿಸು, ಸೋಮವಾರಕ್ಕೆ ಬಿಟ್ಟರೆ ಅದು ಬಾಗಿಲು ಹಾಕಿಕೊಂಡಿರುತ್ತದೆ. ಆಂತರಿಕ ಅಂಕ ನಲವತ್ತು: ಮೊದಲ ಕಿರುಪರೀಕ್ಷೆಗೆ ಇಪ್ಪತ್ತು, ಎರಡನೆಯದಕ್ಕೆ ಇಪ್ಪತ್ತು. ಬೀರುವಿನ ಕೀಲಿ ಜವಾನರ ಹತ್ತಿರ ಇದೆ, ಟ್ರೇಸಿಂಗ್ ಪೇಪರನ್ನು ಕೇಳಿದವರಿಗೆಲ್ಲ ಕೊಡಬೇಡ. ಮೂರನೆಯ ಬೆಂಚಿನಲ್ಲಿ ನಲವತ್ತು ದಾಟಿದ ಒಬ್ಬರು ಕೂರುತ್ತಾರೆ. ಮಕ್ಕಳೆಲ್ಲ 'ಕಂಡಕ್ಟರ್' ಎನ್ನುತ್ತಾರೆ, ನಿಜವಾಗಿಯೂ ಬಸ್ ಕಂಡಕ್ಟರೇ. ಪದವಿ ಸಿಕ್ಕರೆ ಡಿಪೋದಲ್ಲಿ ಕುರ್ಚಿ ಕೆಲಸ ಸಿಗುತ್ತದಂತೆ. ಈ ಕೋರ್ಸಿನಲ್ಲಿ ಎರಡು ಸಲ ಫೇಲಾಗಿದ್ದಾರೆ. ಇದು ಕೊನೆಯ ಅವಕಾಶ. ಒಳ್ಳೆಯ ಮನುಷ್ಯ, ಆದರೆ ಪೆನ್ನು ಹಿಡಿದರೆ ಕೈ ನಡುಗುತ್ತದೆ.

ಉಪನ್ಯಾಸಕರ ಕೈಪಿಡಿ ನೂರಾ ಹನ್ನೆರಡು ಪುಟ ಇದೆ. ಓದಲು ಹೋಗಬೇಡ, ತಲೆ ಕೆಡುತ್ತದೆ. ಬೇಕಾದ್ದನ್ನು ನಾನೇ ಹೇಳುತ್ತೇನೆ. ನಿನ್ನ ಹಂಗಾಮಿ ನೇಮಕದ ಆದೇಶದಲ್ಲಿ ಇರುವುದೂ ಹಾಗೆಯೇ: ಪಾಠ ನಿನ್ನದು, ಉಸ್ತುವಾರಿ ನನ್ನದು. ಏನೇ ಬದಲಾವಣೆ ಮಾಡುವುದಿದ್ದರೂ ನನಗೆ ಬರೆದು ತಿಳಿಸಬೇಕು. ನಿನ್ನ ಹೆಸರನ್ನು ವಿಭಾಗದ ಮುಖ್ಯಸ್ಥರಿಗೆ ಹೇಳಿದ್ದು ನಾನೇ ಎಂಬುದನ್ನು ಮರೆಯಬೇಡ. ನಮ್ಮಲ್ಲಿ ಹವಾಮಾನ ಕಲಿಸುವ ಮೇಷ್ಟ್ರು ಈ ಕೋರ್ಸಿನ ಮೇಲೆ ಕಣ್ಣಿಟ್ಟು ಎಷ್ಟು ವರ್ಷವಾಯಿತೋ.

ನಿಮ್ಮ ಭಾವನ ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ.

ಇಂತು, ಕಾಲಿಲ್ಲದೆಯೂ ಓಡಾಡುತ್ತಿರುವ
ನಿನ್ನ ಅಕ್ಕ


ಆಗಸ್ಟ್ 13

ಅಕ್ಕಾ, ನಮಸ್ಕಾರ.

ಎರಡು ವಾರ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಮೊದಲ ದಿನ ಕ್ಲಾಸಿಗೆ ಹೋಗುವಾಗ ನನ್ನ ಕಾಲೂ ಮುರಿದರೆ ಸಾಕು ಎನಿಸಿತ್ತು. ಬಾಗಿಲಲ್ಲಿ ಇಣುಕಿದ ಒಬ್ಬಳು, "ಮೇಡಂ, ದೊಡ್ಡ ಮೇಡಂ ಯಾವಾಗ ಬರ್ತಾರೆ?" ಎಂದಳು. ಬಂದ ತಕ್ಷಣ ಹೋಗು ಅಂದಂತಾಯಿತು! ನಾನು, "ಅವರ ಕಾಲು ಕೂಡಿಕೊಂಡ ಮೇಲೆ. ಅಲ್ಲಿವರೆಗೂ ಚಿಕ್ಕ ಮೇಡಮ್ಮನ್ನ ಸಹಿಸಿಕೊಳ್ಳಿ" ಎಂದೆ. ನಕ್ಕರು. ಅವತ್ತಿನಿಂದ ನನ್ನ ಹೆಸರು 'ಚಿಕ್ಕ ಮೇಡಂ'.

ಹಾಜರಾತಿ ಶುಕ್ರವಾರವೇ ಏರಿಸಿದೆ. ಪಾಠಪಟ್ಟಿ ಹಚ್ಚಿದೆ. ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ, ತಿಳಿಸಬೇಕೆಂದಿರಲ್ಲ: ಸಾಲಾಗಿದ್ದ ಮೇಜುಗಳನ್ನು ಎಳೆದು ನಾಲ್ಕು ದೊಡ್ಡ ಚೌಕ ಮಾಡಿದೆವು. ನಕ್ಷೆ ಹಾಸಿಕೊಂಡು ಎಲ್ಲರೂ ಸುತ್ತ ನಿಂತು ನೋಡಬಹುದು. ಕಂಡಕ್ಟರ್ ಅವರು ಈಗ ಬಾಯಿ ಬಿಡುತ್ತಿದ್ದಾರೆ. ಮೊನ್ನೆ ಅಳತೆಯ ಪ್ರಮಾಣ ಹೇಳಿಕೊಡುತ್ತಿದ್ದೆ. "ಒಂದು ಟಿಕೆಟ್ ಅಗಲ ಅಂದ್ರೆ ಒಂದು ಸ್ಟಾಪ್ ದೂರ, ಅಷ್ಟೇ ತಾನೇ?" ಎಂದರು. ಇಡೀ ಕ್ಲಾಸಿಗೆ ಅರ್ಥವಾಯಿತು.

ಅತ್ತೆ ಚೆನ್ನಾಗಿದ್ದಾರೆ. ಭಾವ ಮಾತ್ರೆ ತಪ್ಪಿಸುತ್ತಿಲ್ಲ, ನಾನು ಎದುರಿಗೆ ನಿಂತು ನುಂಗಿಸುತ್ತೇನೆ.

ನಿಮ್ಮನ್ನು ದಿನಕ್ಕೆ ಹತ್ತು ಸಲ ನೆನೆಯುವ
ತಂಗಿ


ಆಗಸ್ಟ್ 20

ಚಿಕ್ಕ ಮೇಡಮ್ಮನವರಿಗೆ,

ಕಾಗದ ಬಂತು. ಮೇಜುಗಳನ್ನು ಎಳೆದಿದ್ದೀರಿ, ಸಂತೋಷ. ಅವನ್ನು ಸಾಲಾಗಿ ಇಟ್ಟದ್ದು ಕಿಟಕಿಯ ಬೆಳಕು ಎಡಗಡೆಯಿಂದ ಬೀಳಲಿ ಎಂದು, ನನಗೆ ಮಾಡಲು ಬೇರೆ ಕೆಲಸವಿಲ್ಲದೆ ಅಲ್ಲ. ಇರಲಿ, ಈಗಿನ ಮಕ್ಕಳ ಕಣ್ಣು ಚೂಪಾಗಿರಬಹುದು.

ಕಂಡಕ್ಟರ್ ಎರಡು ವರ್ಷ ನನ್ನ ಕ್ಲಾಸಿನಲ್ಲಿ ಕೂತಿದ್ದರು. ಒಂದು ದಿನವೂ ಟಿಕೆಟ್ ಸುದ್ದಿ ಎತ್ತಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮಕ್ಕಳನ್ನು ನಗಿಸುವುದು ಸುಲಭ, ತಂಗೀ. ಪರೀಕ್ಷೆಯ ದಿನ ಆ ನಗು ಉತ್ತರಪತ್ರಿಕೆಯ ಮೇಲೆ ಇಳಿಯುವುದಿಲ್ಲ.

ನಿಮ್ಮ ಭಾವನಿಗೆ ಎದುರು ನಿಂತು ನುಂಗಿಸಬೇಕಾಗಿಲ್ಲ, ಮೇಜಿನ ಮೇಲಿಟ್ಟರೆ ನುಂಗುತ್ತಾರೆ. ಮೊನ್ನೆ ಫೋನಿನಲ್ಲಿ, "ಮನೆ ಬಗ್ಗೆ ನೀನೇನೂ ಚಿಂತೆ ಮಾಡ್ಬೇಡ, ಎಲ್ಲಾ ಸರಾಗವಾಗಿ ನಡೀತಿದೆ" ಎಂದರು. ಇಪ್ಪತ್ತನಾಲ್ಕು ವರ್ಷ ನಾನಿದ್ದಾಗ ಸರಾಗ ಎಂಬ ಪದ ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ಮೊದಲ ಕಿರುಪರೀಕ್ಷೆ ನಾಲ್ಕನೆಯ ವಾರ. ಪ್ರಶ್ನೆಪತ್ರಿಕೆ ಮೂರು ದಿನ ಮೊದಲೇ ಮುಚ್ಚಿದ ಲಕೋಟೆಯಲ್ಲಿ ಮುಖ್ಯಸ್ಥರಿಗೆ ಕೊಡು. ಉತ್ತರಪತ್ರಿಕೆಗಳನ್ನು ಏಳು ದಿನದೊಳಗೆ ಮಕ್ಕಳಿಗೆ ತೋರಿಸಿ ಸಹಿ ಹಾಕಿಸಿಕೋ.

ಇಂತು, ಕೋರ್ಸಿನ ಉಸ್ತುವಾರಿ
(ನಿನ್ನ ಅಕ್ಕನೂ ಹೌದು)


ಆಗಸ್ಟ್ 28

ಅಕ್ಕಾ,

ಮೇಜು ಎಳೆಯುವ ಮೊದಲೇ ಕೇಳಬೇಕಿತ್ತು. ತಪ್ಪಾಯಿತು. ಮತ್ತೆ ಸಾಲಾಗಿಡಲೇ?

ಕಿರುಪರೀಕ್ಷೆ ನೀವು ಹೇಳಿದಂತೆಯೇ ಮುಗಿಸಿದೆ. ಕಂಡಕ್ಟರ್ ಅವರಿಗೆ ಇಪ್ಪತ್ತಕ್ಕೆ ಆರು ಬಂತು. ಕೈ ನಡುಗಿದ್ದು ನಾನೇ ಕಂಡೆ. ಕಣ್ಣಲ್ಲಿ ನೀರು ಬಂತು, ಅವರಿಗಲ್ಲ, ನನಗೆ.

ಅದಕ್ಕೇ ಒಂದು ಯೋಚನೆ ಬಂದಿದೆ. ಎರಡನೆಯ ಕಿರುಪರೀಕ್ಷೆಯ ಬದಲು ಪ್ರತಿಯೊಬ್ಬರಿಂದ ಒಂದು ನಕ್ಷೆ ಮಾಡಿಸಬಹುದೇ? ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗಿನ ಬೀದಿಗಳನ್ನು ಊರುಗೋಲು ಹಿಡಿದು ನಡೆಯುವವರಿಗಾಗಿ ಬರೆಯಬೇಕು. ಎಲ್ಲಿ ಮೆಟ್ಟಿಲಿದೆ, ಎಲ್ಲಿ ಚಪ್ಪಡಿ ಎದ್ದಿದೆ, ಎಲ್ಲಿ ಕೂತು ದಣಿವಾರಿಸಿಕೊಳ್ಳಬಹುದು, ರಸ್ತೆ ದಾಟಲು ಸಿಗ್ನಲ್ ಎಷ್ಟು ಹೊತ್ತು ಕೊಡುತ್ತದೆ. ನಿಮ್ಮ ಕಾಲು ನೆನೆಸಿಕೊಂಡೇ ಇದು ಹೊಳೆದದ್ದು. ನೀವು ವಾಪಸು ಬಂದಾಗ ಆ ಹಾದಿಯಲ್ಲೇ ತಾನೆ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಿಗೆ ಹೇಳಿದೆ, ಕುಣಿದಾಡುತ್ತಿದ್ದಾರೆ. ನೀವು ಬೇಡವೆಂದರೆ ಬಿಡುತ್ತೇನೆ. ಒಪ್ಪಿದರೆ, ಇದಕ್ಕಾಗಿ ಕಚೇರಿಗೆ ಏನಾದರೂ ಸಲ್ಲಿಸಬೇಕೇ? ಅದನ್ನೊಂದು ಮರೆಯದೆ ಬರೆಯಿರಿ.

ಅಪ್ಪಣೆಗೆ ಕಾಯುತ್ತಿರುವ
ತಂಗಿ


ಸೆಪ್ಟೆಂಬರ್ 3

ತಂಗೀ,

ಮೇಜು ಇದ್ದಲ್ಲೇ ಇರಲಿ. ಎಳೆದಾಡಿದರೆ ಕಾಲು ಸಡಿಲವಾಗುತ್ತವೆ.

ನಕ್ಷೆ ಮಾಡಿಸುವುದಾದರೆ ಮಾಡಿಸು. ಅಳತೆಪಟ್ಟಿ ಬೀರುವಿನ ಕೆಳಗಿನ ಖಾನೆಯಲ್ಲಿದೆ, ಒಂಬತ್ತು ಇರಬೇಕು, ಎಣಿಸಿ ಕೊಡು, ಎಣಿಸಿ ತೆಗೆದುಕೋ. ಮಕ್ಕಳನ್ನು ಹೊರಗೆ ಕರೆದೊಯ್ಯುವ ಮುನ್ನ ಕಾವಲುಗಾರರ ಪುಸ್ತಕದಲ್ಲಿ ಹೆಸರು ಬರೆಸು. ಬಿಸಿಲಿಗೆ ಟೋಪಿ ತರಲು ಹೇಳು. ಮಸಿಯ ಪೆನ್ನು ಬೇಡ, ಮೊದಲು ಪೆನ್ಸಿಲಿನಲ್ಲಿ ಬರೆಯಲಿ. ಅಂಕ ಕೊಡುವಾಗ ಅಂದಕ್ಕೆ ಮರುಳಾಗದೆ ಅಳತೆ ನೋಡು.

ಕಚೇರಿಗೆ ಏನಾದರೂ ಬೇಕಿದ್ದರೆ ಅವರೇ ಕೇಳುತ್ತಾರೆ. ಅವರಿಗೇನು ಬಾಯಿಲ್ಲವೇ?

ಇಂತು,
ಅಕ್ಕ


ಸೆಪ್ಟೆಂಬರ್ 8, ಸೋಮವಾರ

ತಂಗೀ,

ಹೋದ ಕಾಗದದಲ್ಲಿ ಒಂದು ಮಾತು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಕಿರುಪರೀಕ್ಷೆಯ ಬದಲು ಬೇರೇನು ಮಾಡಿಸಿದರೂ ಪರೀಕ್ಷಾ ವಿಭಾಗಕ್ಕೆ ಒಂದು ನಮೂನೆ ತುಂಬಿ ಕೊಡಬೇಕು. ಉಸ್ತುವಾರಿಯೇ ಕೊಡಬೇಕಾದ್ದು, ನನ್ನ ಪರವಾಗಿ ನೀನು ಕೊಟ್ಟರೂ ನಡೆಯುತ್ತದೆ. ಕೈಪಿಡಿಯ ಅರುವತ್ತೊಂದನೆಯ ಪುಟದಲ್ಲಿದೆ. ಆರನೆಯ ವಾರದ ಶುಕ್ರವಾರ ಸಂಜೆ ಐದು ಗಂಟೆಗೆ ಗಡುವು. ಕೊಡದಿದ್ದರೆ ಆ ಇಪ್ಪತ್ತು ಅಂಕ ಯಾರಿಗೂ ಸಿಗುವುದಿಲ್ಲ. ಬರುವ ಶುಕ್ರವಾರವೇ ಆ ದಿನ. ಇವತ್ತು ಈ ಕಾಗದ ಹಾಕಿದರೆ ಬುಧವಾರ ನಿನ್ನ ಕೈಲಿರುತ್ತದೆ, ಬೇಕಾದಷ್ಟು ಸಮಯವಿದೆ.

ಯಾಕೆ ಬಿಟ್ಟೆ ಎಂದು ಕೇಳುತ್ತೀಯಾ? ಹೊಟ್ಟೆಕಿಚ್ಚು. ಬೇರೆ ಹೆಸರಿಡಲು ಮೂರು ದಿನ ಒದ್ದಾಡಿದೆ, ಆಗಲಿಲ್ಲ. ನಿನ್ನ ಹೆಸರು ಮುಖ್ಯಸ್ಥರಿಗೆ ಹೇಳಿದೆನಲ್ಲ, ಅದು ಪ್ರೀತಿಯಿಂದಲ್ಲ. ನೀನಾದರೆ ನನಗಿಂತ ಒಂದು ಮಟ್ಟ ಕಡಿಮೆಯೇ ಮಾಡುತ್ತೀ, ನಾನು ವಾಪಸು ಹೋದಾಗ ಮಕ್ಕಳು "ಅಬ್ಬಾ, ಬಂದ್ರಲ್ಲ" ಅನ್ನುತ್ತಾರೆ ಎಂಬ ಧೈರ್ಯದಿಂದ ಹೇಳಿದ್ದು. ನೀನು ಎರಡೇ ವಾರದಲ್ಲಿ ಆ ಕಂಡಕ್ಟರ್ ಬಾಯಿ ಬಿಡಿಸಿದೆ. ಊರುಗೋಲಿನ ನಕ್ಷೆ ನನಗೆ ಹೊಳೆಯಬೇಕಿತ್ತು. ಊರುಗೋಲು ಹಿಡಿದವಳು ನಾನು, ಹೊಳೆದದ್ದು ನಿನಗೆ. ಓದುತ್ತ ಓದುತ್ತ ಎಷ್ಟು ಚೆನ್ನಾಗಿದೆ ಎನಿಸಿದ ಮರುಗಳಿಗೆಯೇ, ಇದು ಹಾಳಾಗಲಿ ಎನಿಸಿತು.

ಬರೆದ ಮೇಲೆ ಸ್ವಲ್ಪ ಹಗುರಾಯಿತು. ಅಣ್ಣ ಸಂಜೆ ಅಂಚೆಪೆಟ್ಟಿಗೆಯ ಕಡೆ ಹೋಗುತ್ತಾನೆ, ಕೊಡುತ್ತೇನೆ.

ನಿನ್ನ ಅಕ್ಕ


ಅದೇ ಹಾಳೆಯ ಹಿಂದೆ: ಸೆಪ್ಟೆಂಬರ್ 13, ಶನಿವಾರ

ಅಣ್ಣ ಸೋಮವಾರ ಕೇಳಿದ, "ಹಾಕೋ ಕಾಗದ ಏನಾದ್ರೂ ಇದೆಯೇನೇ?" ಇಲ್ಲ ಎಂದೆ. ಮಂಗಳವಾರ ಕೇಳಿದ. ಬುಧವಾರ ಅವನು ಕೇಳಲಿಲ್ಲ. ಫೋನು ತಲೆದಿಂಬಿನ ಪಕ್ಕದಲ್ಲೇ ಇತ್ತು. ನಿನ್ನೆ ಐದು ಗಂಟೆಗೆ ಗೋಡೆಯ ಗಡಿಯಾರ ನೋಡುತ್ತಾ ಮಲಗಿದ್ದೆ. ಐದೂ ಕಾಲಾದ ಮೇಲೆ ಅತ್ತಿಗೆಯನ್ನು ಕರೆದು ಚಹಾ ಕೇಳಿದೆ.


ಅಕ್ಟೋಬರ್ 1

ಅಕ್ಕಾ, ಅಕ್ಕಾ, ಅಕ್ಕಾ,

ಮೂರು ಸಲ ಕರೆದೆ, ಎದುರಿಗೆ ಇದ್ದಿದ್ದರೆ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಮೂವತ್ತನಾಲ್ಕು ನಕ್ಷೆಗಳನ್ನೂ ವಿಭಾಗದ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಮುಖ್ಯಸ್ಥರು ಒಂದೊಂದರ ಮುಂದೂ ನಿಂತರು. ಆಸ್ಪತ್ರೆಯವರು ಒಂದು ಪ್ರತಿ ಕೇಳಿದ್ದಾರೆ, ಬಾಗಿಲಲ್ಲಿ ಹಾಕುತ್ತಾರಂತೆ. ಯಾರ ನಕ್ಷೆ ಹೇಳಿ? ಕಂಡಕ್ಟರ್ ಅವರದು! ಯಾವ ಸ್ಟಾಪಿನಲ್ಲಿ ಬಸ್ಸಿನ ಮೆಟ್ಟಿಲು ಫುಟ್‌ಪಾತಿಗೆ ಸಮವಾಗಿ ನಿಲ್ಲುತ್ತದೆ, ಯಾವ ಅಂಗಡಿಯವರು ಸ್ಟೂಲ್ ಕೊಡುತ್ತಾರೆ, ಎಲ್ಲವೂ ಇದೆ. ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಎರಡು ಅಂಕ ಕಡಿಮೆ ಮಾಡಿದ್ದು ಅಳತೆಗೆ, ನೀವು ಹೇಳಿದ್ದಿರಲ್ಲ. ಅವರು ಕಾಗದವನ್ನು ಅತ್ತಿತ್ತ ತಿರುಗಿಸಿ ನೋಡಿ, "ಮೇಡಂ, ಇದು ನಂದೇನಾ?" ಎಂದರು.

ಇನ್ನೊಂದು ಸುದ್ದಿ. ಅತ್ತೆ ನೋಡಲು ಬಂದಿದ್ದರು! ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದರು. "ನೀವು ಮಾಡೋ ಕೆಲಸ ಇದು ಅಂತ ನಂಗೆ ಇವತ್ತೇ ಗೊತ್ತಾಗಿದ್ದು" ಎಂದರು. ನೀವು ಎಂದರೆ ನಾವಿಬ್ಬರೂ, ಅಕ್ಕಾ.

ಬೇಗ ಬನ್ನಿ, ನಕ್ಷೆಗಳನ್ನು ತೆಗೆಯದೆ ಇಟ್ಟಿರುತ್ತೇನೆ.

ನಿಮ್ಮ
ಚಿಕ್ಕ ಮೇಡಂ


ಅಕ್ಟೋಬರ್ 7

ತಂಗೀ,

ಕಾಗದ ತಲುಪಿತು. ಸಂತೋಷವಾಯಿತು. ಹತ್ತೊಂಬತ್ತು ವರ್ಷದಲ್ಲಿ ಅತ್ತೆ ನನ್ನ ವಿಭಾಗದ ಗೇಟನ್ನೂ ನೋಡಿರಲಿಲ್ಲ.

ಕಾಲು ನೋಯುತ್ತಿದೆ, ಹೆಚ್ಚು ಬರೆಯಲಾರೆ.

ಅಕ್ಕ


ಅಕ್ಟೋಬರ್ 23

ಅಕ್ಕಾ,

ಪರೀಕ್ಷಾ ವಿಭಾಗದಿಂದ ಪತ್ರ ಬಂದಿದೆ. ಎರಡನೆಯ ಕಿರುಪರೀಕ್ಷೆ ನಡೆದಿಲ್ಲ, ಬದಲಿ ಮೌಲ್ಯಮಾಪನದ ನಮೂನೆ ಆರನೆಯ ವಾರದೊಳಗೆ ಸಲ್ಲಿಕೆಯಾಗಿಲ್ಲ, ಆದ್ದರಿಂದ ಮೂವತ್ತನಾಲ್ಕು ಜನರಿಗೂ ಆ ಭಾಗದಲ್ಲಿ ಸೊನ್ನೆ. ಮುಂದಿನ ಗುರುವಾರ ಸಮಿತಿ ಸೇರುತ್ತದೆ. ಈಗ ಮರುಪರೀಕ್ಷೆ ಇಡಲು ದಿನಗಳಿಲ್ಲ. ಮಕ್ಕಳಲ್ಲಿ ಬಹಳ ಮಂದಿ ಹೇಗೋ ಪಾಸಾಗುತ್ತಾರೆ. ಕಂಡಕ್ಟರ್ ಅವರು ಆಗುವುದಿಲ್ಲ. ನಾನು ಹೇಳಿದಾಗ ಅವರೇ ನನಗೆ ಸಮಾಧಾನ ಮಾಡಿದರು. "ಇರ್ಲಿ ಬಿಡಿ ಮೇಡಂ, ನಕ್ಷೆ ಆಸ್ಪತ್ರೆಲಿ ಇರುತ್ತಲ್ಲ" ಎಂದರು. ನಾನು ಸಿಬ್ಬಂದಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನನ್ನ ಹಂಗಾಮಿ ಕೆಲಸ ಮುಂದುವರಿಯುವುದಿಲ್ಲ ಎಂದು ಹವಾಮಾನದ ಮೇಷ್ಟ್ರು ಕೇಳದೆಯೇ ತಿಳಿಸಿದರು. ಮುಖ್ಯಸ್ಥರು ಕರೆದು, "ಉಸ್ತುವಾರಿಯವರು ನಿಮಗೆ ಈ ನಿಯಮ ಹೇಳಿರ್ಲಿಲ್ವಾ?" ಎಂದು ಕೇಳಿದರು. "ಹೇಳಿದ್ರು ಸಾರ್, ನಾನೇ ಮರೆತೆ" ಎಂದೆ. ಮನೆಯ ಮಾತನ್ನು ಅಲ್ಲಿ ಯಾಕೆ ಎಳೆಯಲಿ?

ಆದರೆ ಇದು ನಮ್ಮಿಬ್ಬರ ನಡುವಿನ ಕಾಗದ. ಇಲ್ಲಿ ಕೇಳುತ್ತೇನೆ. ನಿಮಗೆ ನೆನಪಿರಲಿಲ್ಲವಾ, ಅಕ್ಕಾ? ನೋವಿನಲ್ಲಿದ್ದಿರಿ, ಮರೆತಿರಬಹುದು. ಇಲ್ಲ ಎಂದು ಒಂದು ಸಾಲು ಬರೆದರೆ ಸಾಕು, ನಂಬುತ್ತೇನೆ.

ತಂಗಿ


ಅಕ್ಟೋಬರ್ 25

ಇವರಿಗೆ,
ಕುಲಸಚಿವರು, ಪರೀಕ್ಷಾ ವಿಭಾಗ

ವಿಷಯ: 'ನಕ್ಷೆ ರಚನೆ' ಕೋರ್ಸಿನ ಆಂತರಿಕ ಅಂಕಗಳು

ಮಾನ್ಯರೇ,

ಈ ಕೋರ್ಸಿನ ಉಸ್ತುವಾರಿ ನಾನು. ಪಾಠ ಮಾಡುತ್ತಿರುವ ಉಪನ್ಯಾಸಕಿ ಎರಡನೆಯ ಕಿರುಪರೀಕ್ಷೆಯ ಬದಲಾವಣೆಯನ್ನು ಆಗಸ್ಟ್ 28ರಂದೇ ನನಗೆ ಬರೆದು ತಿಳಿಸಿದ್ದಾರೆ, ಕಚೇರಿಗೆ ಏನು ಸಲ್ಲಿಸಬೇಕೆಂದೂ ಕೇಳಿದ್ದಾರೆ. ಆ ಪತ್ರ ಇದರೊಂದಿಗಿದೆ. ಕೈಪಿಡಿಯ ಅರುವತ್ತೊಂದನೆಯ ಪುಟದಂತೆ, ತಿಳಿಸುವುದು ಪಾಠ ಮಾಡುವವರ ಹೊಣೆ, ನಮೂನೆ ಸಲ್ಲಿಸುವುದು ಉಸ್ತುವಾರಿಯ ಹೊಣೆ. ಅವರು ತಮ್ಮ ಹೊಣೆಯನ್ನು ಗಡುವಿಗೆ ಎರಡು ವಾರ ಮೊದಲೇ ಮುಗಿಸಿದ್ದಾರೆ. ನಾನು ಅವರಿಗೆ ನಿಯಮ ಹೇಳಿದ್ದೆನೆಂದು ಅವರು ಮುಖ್ಯಸ್ಥರ ಮುಂದೆ ನುಡಿದದ್ದು ಸುಳ್ಳು.

ನನಗೆ ನಿಯಮ ಗೊತ್ತಿತ್ತು. ಗಡುವು ಗೊತ್ತಿತ್ತು. ಅನಾರೋಗ್ಯ ಇದಕ್ಕೆ ಕಾರಣವಲ್ಲ, ಮರೆವೂ ಅಲ್ಲ. ಬಾಯಿಮಾತನ್ನು ತಾವು ಒಪ್ಪುವುದಿಲ್ಲವಾದ್ದರಿಂದ, ಸೆಪ್ಟೆಂಬರ್ 8ರಂದು ನಾನು ಬರೆದು ಕಳಿಸದೆ ಇಟ್ಟುಕೊಂಡ ಪತ್ರವನ್ನೂ ಲಗತ್ತಿಸಿದ್ದೇನೆ. ಹಿಂಬದಿಯನ್ನೂ ಓದಬೇಕು.

ಮಕ್ಕಳ ಅಂಕಗಳನ್ನು ಉಳಿಸಬೇಕೆಂದು ಕೋರುತ್ತೇನೆ. ಕರ್ತವ್ಯಲೋಪ ಮಾಡಿದ ಉಸ್ತುವಾರಿಗೆ ಎರಡು ವರ್ಷ ಯಾವ ಕೋರ್ಸನ್ನೂ ಕೊಡಬಾರದೆಂಬ ನಿಯಮವೂ ನನಗೆ ಗೊತ್ತು.

ತಮ್ಮ ವಿಶ್ವಾಸಿ,
ಕೋರ್ಸಿನ ಉಸ್ತುವಾರಿ


ಅದೇ ದಿನ

ತಂಗೀ,

ಮೇಲಿನದು ಕಚೇರಿಗೆ ಹೋದದ್ದರ ಪ್ರತಿ. ಅಣ್ಣನ ಕೈಗೆ ಕೊಡಲಿಲ್ಲ. ಊರುಗೋಲು ಹಿಡಿದು ನಾನೇ ಅಂಚೆಪೆಟ್ಟಿಗೆಯವರೆಗೆ ಹೋಗಿ ಹಾಕಿದೆ. ಅತ್ತಿಗೆ ಹಿಂದೆಯೇ ಬೈಯುತ್ತಾ ಬಂದಳು.

ನೀನು ಕೇಳಿದ್ದಕ್ಕೆ ಉತ್ತರ: ನೆನಪಿತ್ತು. 'ಹೇಳಿದ್ರು, ನಾನೇ ಮರೆತೆ' ಎಂದೆಯಲ್ಲ, ಅದನ್ನು ಓದಿ ನಿನ್ನ ಮೇಲೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇ ಎಂದು. ನಾನು ಇಂಥವಳು. ನಿನಗೆ ಗೊತ್ತಿರಲಿ.

ಅಕ್ಕ


ನವೆಂಬರ್ 1

ಅಕ್ಕಾ,

ಗುರುವಾರ ಸಮಿತಿ ಸೇರಿತು. ನಿಮ್ಮ ಪ್ರತಿ ಆ ಬೆಳಿಗ್ಗೆಗೂ ನನ್ನ ಕೈ ಸೇರಿರಲಿಲ್ಲ, ಆದ್ದರಿಂದ ಅಲ್ಲಿ ಏನು ಕಾದಿದೆ ಎಂದು ಗೊತ್ತಿಲ್ಲದೆಯೇ ಹೋಗಿದ್ದೆ. ಐದು ಜನರ ಎದುರಿಗೆ ಕುಲಸಚಿವರು ನಿಮ್ಮ ಸೆಪ್ಟೆಂಬರ್ 8ರ ಕಾಗದವನ್ನು ಸುತ್ತೋಲೆ ಓದುವ ದನಿಯಲ್ಲಿ ಓದಿದರು. "ಹೊಟ್ಟೆಕಿಚ್ಚು. ಬೇರೆ ಹೆಸರಿಡಲು ಮೂರು ದಿನ ಒದ್ದಾಡಿದೆ." ಅಲ್ಲಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಹಿಂಬದಿಯನ್ನೂ ಓದಿದರು. ಚಹಾದ ಮಾತು ಮುಗಿದಾಗ ಹವಾಮಾನದ ಮೇಷ್ಟ್ರು ಕೂಡ ಕಿಟಕಿಯ ಕಡೆ ನೋಡುತ್ತಿದ್ದರು.

ಅಂಕಗಳು ಉಳಿದವು. ಕಂಡಕ್ಟರ್ ಅವರ ಆಂತರಿಕ ಅಂಕ ನಲವತ್ತಕ್ಕೆ ಇಪ್ಪತ್ನಾಲ್ಕು. ಇನ್ನು ಕೊನೆಯ ಪರೀಕ್ಷೆಯಲ್ಲಿ ಸ್ವಲ್ಪ ಬರೆದರೂ ದಾಟುತ್ತಾರೆ. ಮುಖ್ಯಸ್ಥರ ಮುಂದೆ ಸುಳ್ಳು ಹೇಳಿದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು. ನಿಮಗೆ ಎರಡು ವರ್ಷ. ಕೋರ್ಸನ್ನು ನನಗೆ ಕೊಡುತ್ತೇವೆ, ಒಪ್ಪಿಗೆಯೇ ಎಂದು ಕೇಳಿದರು.

ಬೇಡ ಎನ್ನೋಣ ಎಂದುಕೊಂಡೆ. ಆಗ ನಾನು ಎಷ್ಟು ಒಳ್ಳೆಯವಳಾಗಿ ಕಾಣುತ್ತಿದ್ದೆ! ಆದರೆ ಬಾಯಿ ಬಿಟ್ಟಾಗ ಬಂದದ್ದು "ಒಪ್ಪಿಗೆ ಸಾರ್" ಎಂಬ ಮಾತು. ನನಗೆ ಆ ಕೋರ್ಸ್ ಬೇಕು, ಅಕ್ಕಾ. ಈ ಮನೆಗೆ ಬಂದ ಏಳು ವರ್ಷದಿಂದ "ದೊಡ್ಡವಳನ್ನ ನೋಡಿ ಕಲಿ" ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ನಿಮ್ಮ ಹಾಗೆ ಸೀರೆ ಉಡಲು, ನಿಮ್ಮ ಹಾಗೆ ಕ್ಲಾಸಿಗೆ ಹೋಗಲು, ಕೊನೆಗೆ ನಿಮ್ಮ ಹಾಗೆ ಬಾಗಿಲು ಚಿಲಕ ಹಾಕಲು. ಮೇಜುಗಳನ್ನು ಎಳೆದದ್ದು ನಕ್ಷೆ ನೋಡುವುದಕ್ಕಷ್ಟೇ ಅಲ್ಲ. ನಿಮ್ಮದಲ್ಲದ ಒಂದು ವಸ್ತು ಆ ಕೋಣೆಯಲ್ಲಿ ಇರಲಿ ಎಂದು ಎಳೆದೆ. ಅತ್ತೆ ಬಂದ ಸುದ್ದಿಯನ್ನು ನಿಮಗೆ ಬರೆಯುವಾಗ ಓದಿ ನಿಮಗೆ ಚುಚ್ಚುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಆದರೂ ನಾನು ಮಕ್ಕಳ ಅಂಕಕ್ಕೆ ಕೈ ಹಾಕಲಿಲ್ಲ. ನೀವು ಹಾಕಿದಿರಿ. ಅದನ್ನು ನಾನು ಕ್ಷಮಿಸಿಲ್ಲ, ಯಾವಾಗ ಕ್ಷಮಿಸುತ್ತೇನೋ ಗೊತ್ತಿಲ್ಲ.

ಅತ್ತೆ, ಭಾವ, ನಮ್ಮ ಯಜಮಾನರು, ಯಾರಿಗೂ ಏನೂ ಹೇಳಿಲ್ಲ. ಮುಂದಿನ ಭಾನುವಾರ ನಿಮ್ಮ ಮೈದುನನನ್ನು ಕರೆದುಕೊಂಡು ಕಾರಿನಲ್ಲಿ ಬರುತ್ತೇನೆ. ಇಪ್ಪತ್ತೆರಡು ಮೆಟ್ಟಿಲನ್ನು ನಾವಿಬ್ಬರೂ ಸೇರಿ ಹತ್ತಿಸುತ್ತೇವೆ. ಕಾಲು ನೋಯುತ್ತದೆ, ಬರುವುದಿಲ್ಲ ಎಂದು ಕಾಗದ ಬರೆಯಬೇಡಿ, ನಾನು ಓದುವುದಿಲ್ಲ. ನಿಮ್ಮನ್ನು ಬೈಯುವುದು ಬಹಳ ಇದೆ. ನಾಲ್ಕು ಹಾಳೆ ಬರೆದು ಹರಿದೆ, ಕಾಗದದಲ್ಲಿ ಬೈದರೆ ಹೊಟ್ಟೆ ತುಂಬುವುದಿಲ್ಲ. ಮನೆಗೆ ಬನ್ನಿ, ಎದುರಿಗೆ ಕೂರಿಸಿಕೊಂಡು ಬೈಯಬೇಕು.

ತಂಗಿ